ಆಗ ಸಾಲ್ಯಾಗ ಯಾರು ಕುಂತಿದ್ರು?

ಅಕ್ಕಾರ, ತಂಗ್ಯಾರ, ಹತ್ತನೇತ್ತದ ರಿಜಲ್ಟ್ ಬಂದಾಗೆಲ್ಲ ನಮ್ಮ ಓಣ್ಯಾಗ ಒಂದ ಮಾತು. "ಮೊದಲಿನ ಕನ್ನಡ ಸಾಲಿ ಭಾಳ ಚಲೋ ಇತ್ತವಾ, ಈಗೇನೈತಿ ಮಣ್ಣು" ಅಂತ. ನನಗ ಈ ಮಾತು ಅಷ್ಟ ಸುಲಭಕ್ಕ ಒಪ್ಪಿಗಿ ಆಗೂದಿಲ್ಲ. ಸಾಲಿ ಚಲೋ ಇತ್ತೋ ಇಲ್ಲೋ ಅನ್ನೂದಕ್ಕಿಂತ ಮೊದಲ, ಆಗ ಸಾಲ್ಯಾಗ ಯಾರ ಮಕ್ಕಳು ಕುಂತಿದ್ರು ಅಂತ ಕೇಳಬೇಕು.

ನಮ್ಮ ಅಬಲೂರಿಗೆ ಅಕ್ಷರದ ಬರ ಏನಿರಲಿಲ್ಲ. ಸೋಮೇಶ್ವರ ಗುಡಿಯೊಳಗ ಏಕಾಂತದ ರಾಮಯ್ಯನ ಕಥಿ ಹೇಳೂ ಶಾಸನ ಐತಿ, ಸುಮಾರು 1200ರ ಹೊತ್ತಿಂದು. ಸರ್ವಜ್ಞನ ಊರು ಅಂತನೂ ಕರೀತಾರ. ಆದ್ರ ಆ ಗುಡ್ಯಾಗ ದೀಪ ಹಚ್ಚಿ ಕೈ ಮುಗದ ಹೆಣ್ಮಕ್ಕಳು ಎಂಟುನೂರು ವರ್ಷ ಆ ಕಲ್ಲು ಓದಲಿಲ್ಲ. (ಗಂಡಸರೂ ಓದಿಲ್ಲ ಬಿಡ್ರಿ, ಹಳಗನ್ನಡ ಅದು.)

ನಾವಾಗ ಮುಂಬೈ ಸರ್ಕಾರದ ಧಾರವಾಡ ಜಿಲ್ಲಾದವರು. ಸರ್ಕಾರಿ ಸಾಲ್ಯಾಗ ಮರಾಠಿ ನಡೀತಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥವರು ಗುದ್ದಾಡಿದ ಮ್ಯಾಲ ಕನ್ನಡ ಸಾಲಿ ಬಂದ್ವು. ಬಂದ್ರೂ ಬಾಗಲಾ ಎಲ್ಲಾರಿಗೂ ತೆರೀಲಿಲ್ಲ. 1856ರಾಗ ಧಾರವಾಡದ ಸರ್ಕಾರಿ ಸಾಲಿಗೆ ಒಬ್ಬ ಮಹಾರ ಹುಡುಗ, ನನ್ನೂ ಸೇರಿಸ್ಕೊಳ್ರಿ ಅಂತ ಅರ್ಜಿ ಕೊಟ್ಟ. ಇವನೊಬ್ಬನ ಸಲುವಾಗಿ ಉಳಿದವರೆಲ್ಲ ಸಾಲಿ ಬಿಟ್ಟಾರು ಅಂತ ಸರ್ಕಾರ ಒಳಗ ತಗೋಳಿಲ್ಲ. ಆ ಅರ್ಜಿ ಮುಂಬೈ ದಾಟಿ ವಿಲಾಯತಿಯ ಕಂಪನಿ ದೊರೆಗಳ ತನಕ ಹೋತು. ಆಮ್ಯಾಲೆ ಸರ್ಕಾರದ ಸ್ವಂತ ಸಾಲಿ ಎಲ್ಲಾ ಜಾತಿಯವರಿಗೂ ತೆರದಿರಬೇಕು ಅಂತ ನಿಯಮ ಆತು. ಕಾಗದದಾಗ ಆತು ಅನ್ರಿ. ಊರೂರಾಗ ಅದು ನಡಿಯಾಕ ಎಷ್ಟು ತಲಿಮಾರು ಬೇಕಾದ್ವು ನಿಮಗ ಗೊತ್ತ ಐತಿ.

ಅಂದಮ್ಯಾಲ ಆ "ಚಲೋ ಸಾಲಿ"ಯೊಳಗ ಕುಂತವರು ಗೌಡರ, ಶಾನಭೋಗರ, ಅಯ್ಯನವರ, ಅಂಗಡಿಕಾರರ ಗಂಡುಮಕ್ಕಳು. ಏಳನೇತ್ತಕ್ಕ ಮುಲ್ಕಿ ಪರೀಕ್ಷೆ. ಅದು ಪಾಸಾದವರಿಗೆ ಮಾಸ್ತರಿಕಿನೂ ಸಿಗ್ತಿತ್ತು. ದನಾ ಕಾಯಾಕ ಹೋದಾಂವ, ಕೂಸು ಆಡಿಸಾಕ ಉಳದಾಕಿ ಮುಲ್ಕಿ ಹಾಳಿ ಕಂಡವರಲ್ಲ. ನಮ್ಮ ಅಜ್ಜಿ ಹೆಬ್ಬಟ್ಟು. ನಮ್ಮವ್ವ ನಾಲ್ಕನೇತ್ತ ಮುಗಿಸಿ ಒಲಿ ಮುಂದ ಕುಂತಳು. 1951ರ ಜನಗಣತಿಯಾಗ ಇಡೀ ದೇಶದಾಗ ನೂರು ಹೆಣ್ಮಕ್ಕಳೊಳಗ ಒಂಬತ್ತು ಮಂದಿಗೂ ಓದಾಕ ಬರತಿರಲಿಲ್ಲ. ಸಾಣಗಿ ಹಿಡದ ಹಿಟ್ಟಿನಾಗ ತೌಡು ಹುಡುಕಿದ್ರ ಎಲ್ಲಿ ಸಿಗತೈತಿ?

ನಮ್ಮ ಕಾಲಕ್ಕ ಹುಡುಗ್ಯಾರು ಸಾಲಿಗೆ ಬರಾಕ ಹತ್ತಿದ್ರು. ಆದ್ರ ಅದ ಹೊತ್ತಿಗೆ ಹತ್ತಿ ಬಂತು. 1972ರಾಗ ವರಲಕ್ಷ್ಮಿ, 1981ರಾಗ ಡಿಸಿಎಚ್-32, ಅದ ಜಯಲಕ್ಷ್ಮಿ. ಎರಡೂ ಧಾರವಾಡದಾಗ ಹುಟ್ಟಿದ ಹೈಬ್ರಿಡ್ ತಳಿ. ಹೆಸರು ನೋಡ್ರಿ, ಎರಡೂ ಲಕ್ಷ್ಮಿ! ಹೈಬ್ರಿಡ್ ಬೀಜ ತಾನ ಹುಟ್ಟೂದಿಲ್ಲ, ಒಂದೊಂದು ಹೂವಿಗೂ ಕೈ ಹಚ್ಚಬೇಕು. ನಾಳೆ ಅರಳೂ ಮೊಗ್ಗಿ ಯಾವುದು ಅಂತ ನೋಡಿ, ಇವತ್ತ ಮಧ್ಯಾಹ್ನದ ಮ್ಯಾಲ ಉಗರಿನಿಂದ ಅದರ ಗಂಡು ಕೇಸರ ಬಿಡಸಬೇಕು. ಮರದಿನ ಮುಂಜಾನೆ ಬ್ಯಾರೆ ತಳಿ ಗಂಡು ಹೂವು ತಂದು ಅದಕ್ಕ ತಿಕ್ಕಬೇಕು. ಬಿಸಲು ಏರಿದ ಮ್ಯಾಲ ಕೆಲಸಿಲ್ಲ. ಹಿಂಗಾಗಿ ಮುಂಜಾನೆನೂ ಹೊಲ, ಸಂಜಿನೂ ಹೊಲ. ಸಾಲಿಗೆ ಹೊತ್ತೆಲ್ಲಿ? ಸಣ್ಣ ಬಟ್ಟು ಬೇಕು, ಗಿಡದೆತ್ತರದ ಮಕ್ಕಳು ಬೇಕು, ಕೂಲಿನೂ ಕಡಿಮಿ. ಹಿರೇಕೆರೂರು, ರಾಣೆಬೆನ್ನೂರು ಕಡೆ ಬೀಜದ ಹೊಲಕ್ಕ ಹೆಚ್ಚಾಗಿ ಹೋದವರು ಹುಡುಗ್ಯಾರ. ತಿಂಗಳುಗಟ್ಟಲೆ ಗೈರು ಆದ ಹುಡುಗಿ ಅರ್ಧವಾರ್ಷಿಕ ಪರೀಕ್ಷೆಯಾಗ ಸೊನ್ನಿ ತಗೊಂಡ್ರ "ದಡ್ಡಿ" ಅಂತ ಹೆಸರು. ಹಾಜರಿ ಪುಸ್ತಕ ತಗದು ಯಾರು ನೋಡ್ಯಾರ?

ಆಮ್ಯಾಲಿಂದು ನಿಮಗೂ ನೆನಪೈತಿ. 1987ರ ಕಪ್ಪು ಹಲಗೆ ಯೋಜನೆ ಬಂದು ಏಕೋಪಾಧ್ಯಾಯ ಸಾಲಿಗೆ ಎರಡನೇ ಮಾಸ್ತರು, ಆದ್ರ ಅಕ್ಕೋರು, ಸಿಗಬೇಕಂತ ಆತು. 2002ಕ್ಕ ಏಳು ಜಿಲ್ಲಾದಾಗ ಬಿಸಿಯೂಟ, ಮರುವರ್ಷ ನಮಗೂ. ಸೈಕಲ್ಲು, ಹಾಲು. 2010ಕ್ಕ ಶಿಕ್ಷಣ ಹಕ್ಕಿನ ಕಾಯ್ದೆ. ಎಂಟನೇತ್ತದ ತನಕ ಯಾರನ್ನೂ ನಪಾಸು ಮಾಡಂಗಿಲ್ಲ, ಯಾರನ್ನೂ ಹೊರಗ ಹಾಕಂಗಿಲ್ಲ ಅಂತ ಆಗ ನಿಯಮ ಆತು. ಅಂದ್ರ ಸಾಣಗಿ ಹಿಡಿಯೂದು ನಿಂತಿತು. ಮೊದಲು ಮೂರನೇತ್ತಕ್ಕ ಮಾಯ ಆಗ್ತಿದ್ದ ಕೂಸು ಈಗ ಹತ್ತನೇತ್ತದ ಪರೀಕ್ಷೆಗೆ ಕುಂದ್ರತೈತಿ. ಅದು ನಪಾಸಾದ್ರ ರಿಜಲ್ಟ್ ಇಳೀತೈತಿ ಖರೆ. ಆದ್ರ ಮೊದಲು ಅದರ ಲೆಕ್ಕನ ಇರಲಿಲ್ಲಲ್ಲ!

ಇನ್ನೊಂದು ಕಡೆ ಹಳದಿ ವ್ಯಾನ್ ಓಣಿಗೆ ಬಂತು. ಫೀ ಕಟ್ಟಾಕ ತ್ರಾಣ ಇದ್ದವರು ಇಂಗ್ಲಿಷ್ ಸಾಲಿಗೆ ಕಳಸಿದ್ರು. ಕನ್ನಡ ಸಾಲ್ಯಾಗ ಉಳದವರು ಕೂಲಿಯವರ ಮಕ್ಕಳು, ಅವ್ವ ಅಪ್ಪ ದುಡಿಯಾಕ ಹೋಗಿ ಅಜ್ಜಿ ಹತ್ರ ಉಳದ ಮಕ್ಕಳು, ಮತ್ತ ಹುಡುಗ್ಯಾರು. ಒಂದ ಮನ್ಯಾಗ ಮಗ ವ್ಯಾನಿನ್ಯಾಗ, ಮಗಳು ನಡಕೋತ. ಕಣ್ಣಾರೆ ನೋಡೀವಿ.

ಮಕ್ಕಳು ಕಡಿಮಿ ಆದ್ರ ಮಾಸ್ತರೂ ಕಡಿಮಿ. ಕಾಯ್ದೆ ಪ್ರಕಾರ ಅರವತ್ತು ಮಕ್ಕಳ ತನಕ ಐದು ತರಗತಿಗೆ ಇಬ್ಬರ ಮಾಸ್ತರು. ನಲಿ-ಕಲಿಯಾಗ ಒಂದು, ಎರಡು, ಮೂರನೇತ್ತ ಒಂದ ಖೋಲ್ಯಾಗ ಕುಂದ್ರತಾವ. ಇದನ್ನ ನೋಡಿ ತಾಯಂದಿರು ಹೆದರಿ ಮತ್ತ ಎರಡು ಮಕ್ಕಳನ್ನ ಬಿಡಸ್ತಾರ. ಸಾಲಿ ಸಣ್ಣದಾದಂಗ ಪರ್ಸೆಂಟೇಜೂ ಹುಚ್ಚು ಕುಣೀತೈತಿ. ಆರು ಮಕ್ಕಳ ತರಗತಿಯಾಗ ಒಂದು ಕೂಸು ಜ್ವರ ಬಂದು ಮಕ್ಕೊಂಡ್ರ ಹಾಜರಾತಿ ನೂರರಿಂದ ಎಂಬತ್ಮೂರಕ್ಕ ಇಳೀತೈತಿ! ಅರವತ್ತು ಮಕ್ಕಳಿದ್ರ ಒಂದು ಕೂಸಿಂದು ಎರಡು ಪರ್ಸೆಂಟೂ ಆಗೂದಿಲ್ಲ.

ಆ ನಡಕೋತ ಹೋಗೂ ಮಗಳ ಸುದ್ದಿ ಹೇಳತೀನಿ. 2024ರಾಗ ಎಸ್ಸೆಸ್ಸೆಲ್ಸಿ ಪರೀಕ್ಷಾ ಖೋಲಿಗೆ ವೆಬ್ ಕ್ಯಾಮೆರಾ ಹಚ್ಚಿದ್ರು. ಹಿಂದಿನ ವರ್ಷ 83.89 ಇದ್ದ ರಾಜ್ಯದ ರಿಜಲ್ಟ್ 73.40ಕ್ಕ ಬಿತ್ತು, ಅದೂ ಕೃಪಾಂಕ ಕೊಟ್ಟ ಮ್ಯಾಲ. ಆ ವರ್ಷ ಪಾಸಾದ ಹುಡುಗ್ಯಾರು 81.11, ಹುಡುಗರು 65.90. ಹದಿನೈದು ಪರ್ಸೆಂಟ್ ಅಂತರ! ಮುಂಜಾನೆ ಕಸಾ ಹೊಡದು, ನೀರು ತಂದು, ತಮ್ಮನ್ನ ವ್ಯಾನ್ ಹತ್ತಿಸಿ ಆಮ್ಯಾಲೆ ಸಾಲಿಗೆ ಹೋದ ಹುಡುಗ್ಯಾರೂ ಅದರಾಗ ಇದ್ದಾರ.

ನಮ್ಮ ಮನ್ಯಾಗೂ ಈ ಜೂನ್‌ಗೆ ಮೊಮ್ಮಗಳ ಹೆಸರು ಹಚ್ಚಬೇಕು. ಸೊಸಿ ವ್ಯಾನ್ ಅಂತಾಳ. ನಾ ಕನ್ನಡ ಸಾಲಿ ಅಂತೀನಿ. ಮಗ ಇಬ್ಬರ ಮಾತಿಗೂ ಹೂಂ ಅಂತಾನ. ಕಳದ ವಾರ ಸೊಸಿ ತಾನ ಕನ್ನಡ ಸಾಲಿಗೆ ಹೋಗಿ, ಒಂದನೇತ್ತಕ್ಕ ಎಷ್ಟು ಮಕ್ಕಳು ಬರ್ತಾವ, ಅಕ್ಕೋರು ಎಷ್ಟು ಮಂದಿ ಅದಾರ ಅಂತ ಕೇಳಿಕೊಂಡು ಬಂದಾಳ. ಏನೂ ಹೇಳವಲ್ಲಳು ಇನ್ನೂ.