ಕ್ಲೋಪಿಡೋಗ್ರೆಲ್: ಮಾತ್ರೆ ಒಂದೇ, ಫಲ ಯಾಕೆ ಒಂದೇ ಅಲ್ಲ?

ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಆಸ್ಪಿರಿನ್ ಜೊತೆ ಕೊಡುವ ಮಾತ್ರೆಗಳಲ್ಲಿ ಕ್ಲೋಪಿಡೋಗ್ರೆಲ್ ಒಂದು. ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ರಕ್ತ ಹೆಪ್ಪುಗಟ್ಟದಂತೆ ತಡೆಯುವುದು ಇದರ ಕೆಲಸ.

ಆದರೆ ನುಂಗಿದ ಮಾತ್ರೆ ಹಾಗೇ ಕೆಲಸ ಮಾಡಲ್ಲ. ಲಿವರ್‌ನ ಕಿಣ್ವಗಳು, ಮುಖ್ಯವಾಗಿ ಸಿವೈಪಿ2ಸಿ19, ಅದನ್ನು ಸಕ್ರಿಯ ರೂಪಕ್ಕೆ ತರಬೇಕು. ಈ ಕಿಣ್ವದ ಜೀನ್ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಪ್ರತಿಯಾಗಿ ಬರುತ್ತೆ. ಎರಡೂ ಕೆಲಸ ಮಾಡದಿದ್ದರೆ ದಿನಾ ಮಾತ್ರೆ ನುಂಗಿದರೂ ಸಾಕಷ್ಟು ರಕ್ಷಣೆ ಸಿಗಲ್ಲ. ಒಂದು ಮಾತ್ರ ಹಾಗಿದ್ದರೂ ಪರಿಣಾಮ ತಗ್ಗಬಹುದು. ಇಂಥ ಪ್ರತಿಗಳು ಯುರೋಪಿನವರಿಗಿಂತ ಏಷ್ಯಾದವರಲ್ಲಿ, ಭಾರತೀಯರಲ್ಲೂ, ಹೆಚ್ಚು.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲೇ ಈ ಬಗ್ಗೆ ಲೇಬಲ್ ಮೇಲೆ ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಪರೀಕ್ಷೆಗೆ ರಕ್ತ ಅಥವಾ ಎಂಜಲು ಸಾಕು. ಪ್ರಾಸುಗ್ರೆಲ್, ಟಿಕಾಗ್ರೆಲಾರ್ ಈ ಕಿಣ್ವವನ್ನು ಅಷ್ಟಾಗಿ ನೆಚ್ಚಿಕೊಂಡಿಲ್ಲ. ಆದರೆ ಅವುಗಳಲ್ಲಿ ರಕ್ತಸ್ರಾವದ ಅಪಾಯ ಜಾಸ್ತಿ. ಗ್ಯಾಸ್ಟ್ರಿಕ್‌ಗೆ ನುಂಗುವ ಒಮೆಪ್ರಜೋಲ್ ಕೂಡ ಇದೇ ಕಿಣ್ವವನ್ನು ತಡೆಯುತ್ತೆ. ಅದನ್ನು ತಗೊಳ್ತಿದ್ದರೆ ಡಾಕ್ಟರಿಗೆ ತಿಳಿಸಿ.

ಹಾಗಂತ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ನಡುವೆ ಬಿಟ್ಟರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಿ ಹೃದಯಾಘಾತ ಆಗಬಹುದು. ಕೇಳಬೇಕಾದ ಪ್ರಶ್ನೆ ಇಷ್ಟೇ: ‘ಡಾಕ್ಟ್ರೇ, ನನಗೆ ಜೀನ್ ಪರೀಕ್ಷೆ ಬೇಕಾ?’