ಬೆಳಗಾವಿ ಗಡಿ ವಿವಾದ

ಬೆಳಗಾವಿ ನಗರ, ನಿಪ್ಪಾಣಿ, ಖಾನಾಪುರ, ಕಾರವಾರ ಹಾಗೂ ಸುತ್ತಲಿನ ನೂರಾರು ಹಳ್ಳಿಗಳು ಕರ್ನಾಟಕದಲ್ಲೇ ಉಳಿಯಬೇಕೋ, ಅದನ್ನು ಬಿಟ್ಟು ಮಹಾರಾಷ್ಟ್ರಕ್ಕೆ ಸೇರಬೇಕೋ ಎಂಬ ಪ್ರಶ್ನೆಯ ಮೇಲೆ 1956ರಿಂದ ನಡೆದುಬಂದಿರುವ ವಿವಾದ. ಎರಡೂ ರಾಜ್ಯಗಳ ಶಾಸನಸಭೆ, ನಗರಪಾಲಿಕೆ, ಶಾಲೆ, ಬಸ್ ನಿಲ್ದಾಣ, ಬೀದಿ, ಕೊನೆಗೆ ಸುಪ್ರೀಂ ಕೋರ್ಟಿನ ತನಕ ಇದು ಹರಡಿದೆ. ಭಾಷೆಯ ಹೆಸರಿನಲ್ಲಿ ಹುಟ್ಟಿದ ಜಗಳ ಎನ್ನುವುದು ನಿಜ. ಆದರೆ ಇಷ್ಟು ವರ್ಷ ಇತ್ಯರ್ಥವಾಗದೆ ಉಳಿದದ್ದಕ್ಕೆ ಬೇರೆಯೇ ಒಂದು ಕಾರಣವಿದೆ: ಯಾರನ್ನು ಕೇಳಬೇಕು, ಹಳ್ಳಿಯನ್ನೋ, ಪೇಟೆಯನ್ನೋ, ತಾಲೂಕನ್ನೋ, ಜಿಲ್ಲೆಯನ್ನೋ ಎಂಬ ಮೊದಲ ಮಾತಿನಲ್ಲೇ ಎರಡು ಕಡೆಯವರೂ ಒಪ್ಪಲಿಲ್ಲ.

ಸೀಮೆ

ಈ ಸೀಮೆಯನ್ನು ಒಂದು ಊರಿನಿಂದ ನೋಡೋಣ. ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲೂಕಿನ ಕಣಗಲಾ, ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಸಂಕೇಶ್ವರಕ್ಕೂ ನಿಪ್ಪಾಣಿಗೂ ನಡುವೆ ಇರುವ ಊರು. ಊರಿನಿಂದ ಉತ್ತರಕ್ಕೆ ಸ್ತವನಿಧಿ ಘಾಟ್ ಇಳಿದರೆ ನಿಪ್ಪಾಣಿ, ಅದರಾಚೆ ಕೊಗನೊಳ್ಳಿಯ ಚೆಕ್‌ಪೋಸ್ಟ್, ಆಮೇಲೆ ಕೊಲ್ಹಾಪುರ ಜಿಲ್ಲೆ. ಪಶ್ಚಿಮಕ್ಕೆ ಹೊರಟರೆ ಗಡಹಿಂಗ್ಲಜ. ಮಹಾರಾಷ್ಟ್ರದ ಆ ತಾಲೂಕಿನಲ್ಲಿ ಕನ್ನಡ ಮಾತಾಡುವ ಹಳ್ಳಿಗಳಿವೆ. ನಿಪ್ಪಾಣಿ ಕಡೆಯ ಕರ್ನಾಟಕದಲ್ಲಿ ಮರಾಠಿ ಮಾತಾಡುವ ಹಳ್ಳಿಗಳಿವೆ.

ಆಂಬೋಲಿ ಕಡೆಯಿಂದ ಬರುವ ಹಿರಣ್ಯಕೇಶಿ ಆಜರಾ, ಗಡಹಿಂಗ್ಲಜ ದಾಟಿ ಹುಕ್ಕೇರಿ ತಾಲೂಕಿಗೆ ಬಂದು ಘಟಪ್ರಭೆ ಸೇರುತ್ತದೆ. ಸಂಕೇಶ್ವರದ ಸಹಕಾರಿ ಸಕ್ಕರೆ ಕಾರ್ಖಾನೆಗೆ ಈ ನದಿಯದೇ ಹೆಸರು. ಘಟಪ್ರಭೆಗೆ ಹಿಡಕಲ್‌ನಲ್ಲಿ ಕಟ್ಟಿದ ಅಣೆಕಟ್ಟಿನ ನೀರು ಗೋಕಾಕ, ಮೂಡಲಗಿ ಕಡೆಯ ಹೊಲಗಳಿಗೂ ಹರಿಯುತ್ತದೆ. ಸಂಕೇಶ್ವರ–ಕರವೀರ ಪೀಠದ ಹೆಸರಿನಲ್ಲೇ ಗಡಿಯ ಎರಡೂ ಮಗ್ಗುಲಿನ ಊರುಗಳಿವೆ. ಕರವೀರ ಎಂದರೆ ಕೊಲ್ಹಾಪುರ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಮಹಾರಾಷ್ಟ್ರದ ಭಕ್ತರು ಬರುತ್ತಾರೆ; ಪಂಢರಪುರಕ್ಕೆ, ಜ್ಯೋತಿಬಾನ ಗುಡ್ಡಕ್ಕೆ ಇಲ್ಲಿಯವರು ಹೋಗುತ್ತಾರೆ. ಕಬ್ಬಿಗೆ ಎಲ್ಲಿ ದರ ಹೆಚ್ಚೋ ಅಲ್ಲಿಗೆ ಕಬ್ಬಿನ ಟ್ರ್ಯಾಕ್ಟರ್ ಹೊರಡುತ್ತದೆ. ಇಂಥ ಸೀಮೆಯಲ್ಲಿ ಗೆರೆ ಎಲ್ಲಿ ಎಳೆದರೂ ಯಾರಾದರೊಬ್ಬರು ಆಚೆ ಉಳಿಯುತ್ತಾರೆ. ಈ ಮಾತನ್ನು ಮರೆತು ವಿವಾದದ ಇತಿಹಾಸ ಓದಿದರೆ ಅದು ಬರೀ ಹಳ್ಳಿಗಳ ಎಣಿಕೆಯಾಗಿ ಕಾಣುತ್ತದೆ.

ಹಿನ್ನೆಲೆ

ಬ್ರಿಟಿಷರ ಕಾಲದಲ್ಲಿ ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಆಡಳಿತದಲ್ಲಿ ಮರಾಠಿಯ ಪ್ರಭಾವ ದೊಡ್ಡದಾಗಿತ್ತು. ಕನ್ನಡಕ್ಕೆ ತನ್ನ ನೆಲದಲ್ಲೇ ಎರಡನೆಯ ಸ್ಥಾನ ಎಂಬ ನೋವಿನಿಂದ 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆದ ಬೆಳಗಾವಿಯಲ್ಲೇ, ಅದೇ ಹೊತ್ತಿಗೆ, ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣ ಸಮ್ಮೇಳನವೂ ನಡೆಯಿತು. ಆ ಕಾಂಗ್ರೆಸ್ ಅಧಿವೇಶನವನ್ನು ಹೊತ್ತು ನಡೆಸಿದ ಹುದಲಿಯ ಗಂಗಾಧರರಾವ್ ದೇಶಪಾಂಡೆ ತಿಲಕರ ಅನುಯಾಯಿಯಾಗಿದ್ದವರು. ಅವರನ್ನು ಜನ ಕರೆದದ್ದು ಕರ್ನಾಟಕ ಕೇಸರಿ ಎಂದು. ಎರಡೂ ಭಾಷೆಗಳ ಸಾರ್ವಜನಿಕ ಜೀವನ ಒಬ್ಬನೇ ಮನುಷ್ಯನಲ್ಲಿ ನೆಲೆಸಲು ಆಗ ಅಡ್ಡಿ ಇರಲಿಲ್ಲ.

ಮರಾಠಿ ಕಡೆಯ ಬೇಡಿಕೆಗೂ ಬೆಳಗಾವಿಯೇ ವೇದಿಕೆಯಾಯಿತು. 1946ರಲ್ಲಿ ಇಲ್ಲಿ ಸೇರಿದ ಮರಾಠಿ ಸಾಹಿತ್ಯ ಸಮ್ಮೇಳನ, ಮರಾಠಿ ಮಾತಾಡುವವರಿಗೆಲ್ಲ ಒಂದೇ ರಾಜ್ಯ ಎಂಬ ಸಂಯುಕ್ತ ಮಹಾರಾಷ್ಟ್ರದ ಬೇಡಿಕೆಯನ್ನು ಮುಂದಿಟ್ಟಿತು. 1948ರಲ್ಲಿ ಮರಾಠಿ ಸದಸ್ಯರೇ ಹೆಚ್ಚಿದ್ದ ಬೆಳಗಾವಿ ಪುರಸಭೆ, ಊರನ್ನು ಮುಂದೆ ರಚನೆಯಾಗುವ ಸಂಯುಕ್ತ ಮಹಾರಾಷ್ಟ್ರಕ್ಕೆ ಸೇರಿಸಬೇಕೆಂದು ಠರಾವು ಮಾಡಿತು. ಪೇಟೆಯ ಠರಾವನ್ನು ಸುತ್ತಲಿನ ಕನ್ನಡ ಹಳ್ಳಿಗಳು ಒಪ್ಪಬೇಕೇ ಎಂಬ ಪ್ರಶ್ನೆ ಎದ್ದದ್ದು ಇಲ್ಲಿಂದ.

1953ರ ಕೊನೆಯಲ್ಲಿ ನೇಮಕವಾದ ರಾಜ್ಯ ಪುನರ್ವಿಂಗಡಣಾ ಆಯೋಗದಲ್ಲಿ ಫಜಲ್ ಅಲಿ, ಎಚ್.ಎನ್. ಕುಂಜ್ರು, ಕೆ.ಎಂ. ಪಣಿಕ್ಕರ್ ಇದ್ದರು. 1955ರ ಸೆಪ್ಟೆಂಬರ್ 30ರಂದು ಕೊಟ್ಟ ವರದಿಯಲ್ಲಿ ಅವರು ಸಾಮಾನ್ಯವಾಗಿ ಜಿಲ್ಲೆಯನ್ನೇ ಅಳತೆಯಾಗಿ ಹಿಡಿದರು. ಬೆಳಗಾವಿ ಜಿಲ್ಲೆಯಲ್ಲಿ ಮರಾಠಿಯೇ ಬಹುಪಾಲಾಗಿದ್ದ ಚಂದಗಡ ತಾಲೂಕನ್ನು ಮಾತ್ರ ಬಿಡಿಸಿ, ಉಳಿದದ್ದನ್ನು ಕನ್ನಡ ರಾಜ್ಯಕ್ಕೆ ಕೊಡಬೇಕೆಂದರು. 1956ರ ನವೆಂಬರ್ 1ರಂದು ಹಾಗೆಯೇ ಆಯಿತು. ಅದೇ ಅಳತೆ ಕನ್ನಡಿಗರಿಗೂ ನಷ್ಟ ತಂದಿತು: ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಕನ್ನಡ ಹಳ್ಳಿಗಳು ಆಚೆ ಉಳಿದವು. ಏಕೀಕರಣಕ್ಕಾಗಿ ದುಡಿದ ಕವಯಿತ್ರಿ ಜಯದೇವಿತಾಯಿ ಲಿಗಾಡೆಯವರ ಸೊಲ್ಲಾಪುರ ಕರ್ನಾಟಕಕ್ಕೆ ಬರಲಿಲ್ಲ. ದಕ್ಷಿಣದಲ್ಲಿ ಕಾಸರಗೋಡು ಕೇರಳದ ಪಾಲಾಯಿತು.

1956ರ ಜನವರಿಯಲ್ಲೇ ಬೆಳಗಾವಿ, ನಿಪ್ಪಾಣಿಗಳಲ್ಲಿ ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಮೇಲೆ ಗೋಲಿಬಾರ್ ನಡೆದು ಜನ ಸತ್ತರು. ಈ ಸೀಮೆಯನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿ (ಎಂಇಎಸ್) ಇಂದಿಗೂ ಜನವರಿ 17ನ್ನು ಹುತಾತ್ಮರ ದಿನವೆಂದು ಆಚರಿಸುತ್ತದೆ. ನವೆಂಬರ್ 1 ಕನ್ನಡಿಗರಿಗೆ ರಾಜ್ಯೋತ್ಸವ; ಸಮಿತಿಗೆ ಕರಾಳ ದಿನ.

ಮಹಾಜನ ಆಯೋಗ

ಮುಂಬಯಿ ಸರ್ಕಾರ 1957ರಲ್ಲಿ ಪುನರ್ವಿಂಗಡಣಾ ಕಾಯ್ದೆಯ 21ನೇ ಕಲಮಿನ ಆಧಾರದಲ್ಲಿ ಕೇಂದ್ರಕ್ಕೆ ಮನವಿ ಕೊಟ್ಟಿತು. 1960ರಲ್ಲಿ ಎರಡೂ ರಾಜ್ಯಗಳಿಂದ ಇಬ್ಬಿಬ್ಬರಂತೆ ನಾಲ್ವರ ಸಮಿತಿ ಕೂತಿತು. ಒಮ್ಮತ ಬರಲಿಲ್ಲ. ಮಹಾರಾಷ್ಟ್ರ ಬೆಳಗಾವಿ, ಕಾರವಾರ, ನಿಪ್ಪಾಣಿ ಪೇಟೆಗಳೊಂದಿಗೆ 814 ಹಳ್ಳಿಗಳನ್ನು ಕೇಳಿತು. ಹುಕ್ಕೇರಿ ತಾಲೂಕಿನ ಕೆಲವು ಹಳ್ಳಿಗಳೂ ಆ ಪಟ್ಟಿಯಲ್ಲಿದ್ದವು. ಮಹಾರಾಷ್ಟ್ರದ ವಾದಕ್ಕೆ ನಾಲ್ಕು ಕಾಲುಗಳಿದ್ದವು: ಹಳ್ಳಿಯೇ ಅಳತೆ, ಹೊಂದಿಕೊಂಡ ನೆಲ, ಭಾಷಿಕರ ಬಹುಮತ, ಜನರ ಇಚ್ಛೆ. ಮೈಸೂರು (ಕರ್ನಾಟಕಕ್ಕೆ ಆಗ ಇದ್ದ ಹೆಸರು) ಸರ್ಕಾರ 1956ರ ಗಡಿಯೇ ಗಡಿ ಎಂದಿತು.

ಮಹಾರಾಷ್ಟ್ರದ ಒತ್ತಾಯದ ಮೇಲೆ 1966ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನರ ಏಕಸದಸ್ಯ ಆಯೋಗ ನೇಮಕವಾಯಿತು. ಆಗ ಮೈಸೂರಿನ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ, ಮಹಾರಾಷ್ಟ್ರದಲ್ಲಿ ವಸಂತರಾವ್ ನಾಯಕ್. 1967ರ ಆಗಸ್ಟ್‌ನಲ್ಲಿ ಬಂದ ವರದಿ ಹಳ್ಳಿಯನ್ನೇ ಅಳತೆಯಾಗಿ ಹಿಡಿಯುವ ಸೂತ್ರವನ್ನು ತಳ್ಳಿಹಾಕಿತು. ಬೆಳಗಾವಿ ಪೇಟೆಯೊಳಗೆ ಮರಾಠಿಗರು ಹೆಚ್ಚಿದ್ದರೂ, ಮೂರು ಕಡೆ ಕನ್ನಡ ಪ್ರದೇಶ ಸುತ್ತುವರಿದಿರುವುದರಿಂದ ಅದು ಮೈಸೂರಿನಲ್ಲೇ ಉಳಿಯಬೇಕು ಎಂದಿತು. ನಿಪ್ಪಾಣಿ, ಖಾನಾಪುರ, ನಂದಗಡ ಸೇರಿ 264 ಹಳ್ಳಿಗಳನ್ನು ಮಹಾರಾಷ್ಟ್ರಕ್ಕೂ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ಕಡೆಯ 247 ಹಳ್ಳಿಗಳನ್ನು ಮೈಸೂರಿಗೂ ಕೊಡಲು ಶಿಫಾರಸು ಮಾಡಿತು. ಕಾಸರಗೋಡಿನ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕೆಂದಿತು. ಅದನ್ನು ಕೇರಳ ಒಪ್ಪಲಿಲ್ಲ.

ಆಯೋಗ ಬೇಕೆಂದು ಹಟ ಹಿಡಿದ ಮಹಾರಾಷ್ಟ್ರವೇ ವರದಿಯನ್ನು ತಿರಸ್ಕರಿಸಿತು. ಒಂದೊಂದು ಕಡೆ ಒಂದೊಂದು ಅಳತೆಗೋಲು ಹಿಡಿದಿದ್ದಾರೆ ಎಂಬುದು ಅದರ ಮುಖ್ಯ ಆಕ್ಷೇಪ. ಮುಂದೆ ಮುಖ್ಯಮಂತ್ರಿಯಾದ ಎ.ಆರ್. ಅಂತುಳೆ ವರದಿಯನ್ನು ಖಂಡಿಸಿ ಪುಸ್ತಕವನ್ನೇ ಬರೆದರು. ಕರ್ನಾಟಕದಲ್ಲಿ "ಮಹಾಜನ ವರದಿಯೇ ಅಂತಿಮ" ಎಂಬ ಘೋಷಣೆ ಅಂದಿನಿಂದ ನಿಂತಿದೆ. ಆ ಘೋಷಣೆ ಕೂಗುವಾಗ ವರದಿಯ ಇನ್ನೊಂದು ಪುಟವನ್ನೂ ಓದಬೇಕಾಗುತ್ತದೆ: ಅದು ಜಾರಿಯಾದರೆ ನಿಪ್ಪಾಣಿ, ಖಾನಾಪುರ ಹೋಗುತ್ತವೆ, ರಾಜ್ಯದ ಅಂಚು ಸ್ತವನಿಧಿ ಘಾಟಿನ ಹತ್ತಿರ, ಕಣಗಲಾದ ಬಾಗಿಲಿಗೇ ಬಂದು ನಿಲ್ಲುತ್ತದೆ. ಆದ್ದರಿಂದ ಕರ್ನಾಟಕ ಸರ್ಕಾರದ ಅಧಿಕೃತ ನಿಲುವು ಹೆಚ್ಚು ಎಚ್ಚರದ್ದು: ವರದಿಯನ್ನು ಇಡಿಯಾಗಿ ಜಾರಿ ಮಾಡಿ, ಇಲ್ಲವೇ ಇದ್ದದ್ದು ಇದ್ದಂತಿರಲಿ.

ಮತ ಕೇಳಿದ ನೆರೆನಾಡು

ಮಹಾಜನರು ಮನವಿ ಕೇಳುತ್ತಿದ್ದ ದಿನಗಳಲ್ಲೇ, 1967ರ ಜನವರಿ 16ರಂದು, ಪಕ್ಕದ ಗೋವಾದಲ್ಲಿ ಜನಾಭಿಪ್ರಾಯ ಮತದಾನ ನಡೆಯಿತು. ಮಹಾರಾಷ್ಟ್ರದಲ್ಲಿ ವಿಲೀನವೋ, ಕೇಂದ್ರಾಡಳಿತವೋ ಎಂಬುದೇ ಪ್ರಶ್ನೆ. 34,021 ಮತಗಳ ಅಂತರದಿಂದ ಗೋವಾ ಬೇರೆಯಾಗಿಯೇ ಉಳಿಯಿತು. ಬೆಳಗಾವಿಗೆ ಆ ದಾರಿ ತೆರೆಯಲಿಲ್ಲ. ಭಾರತದ ಸಂವಿಧಾನದ 3ನೇ ವಿಧಿಯ ಪ್ರಕಾರ ರಾಜ್ಯದ ಗಡಿ ಬದಲಿಸುವ ಅಧಿಕಾರ ಸಂಸತ್ತಿನದು. ಸಂಬಂಧಪಟ್ಟ ಶಾಸನಸಭೆಯ ಅಭಿಪ್ರಾಯ ಕೇಳಬೇಕು, ಆದರೆ ಒಪ್ಪಿಗೆ ಬೇಕಿಲ್ಲ. ಜನರ ಮತ ಕೇಳಬೇಕೆಂಬ ನಿಯಮವೂ ಅದರಲ್ಲಿಲ್ಲ.

ಮತ ಕೇಳಿದರೆ ಜಗಳ ಮುಗಿಯುತ್ತದೆ ಎನ್ನಲೂ ಆಗದು. ಯುರೋಪಿಯನ್ ಒಕ್ಕೂಟ ಬಿಡಬೇಕೇ ಎಂದು 2016ರ ಜೂನ್ 23ರಂದು ಬ್ರಿಟನ್ನಿನಲ್ಲಿ ಕೇಳಿದಾಗ ಶೇ. 51.9 ಮತ ಬಿಡುವ ಕಡೆ ಬಿತ್ತು. ಆದರೆ ಸ್ಕಾಟ್ಲೆಂಡಿನಲ್ಲಿ ಶೇ. 62 ಮಂದಿ ಉಳಿಯೋಣ ಎಂದಿದ್ದರು. ಇಡೀ ದೇಶವನ್ನು ಒಂದು ಅಳತೆಯಾಗಿ ಹಿಡಿದದ್ದರಿಂದ 2020ರ ಜನವರಿ 31ರಂದು ಅವರೂ ಹೊರಬಂದರು. ಬೆಳಗಾವಿ ಪೇಟೆಯನ್ನು ಮಾತ್ರ 1948ರಲ್ಲಿ ಕೇಳಿದ್ದರೆ ಒಂದು ಉತ್ತರ, ಜಿಲ್ಲೆಯನ್ನು ಕೇಳಿದ್ದರೆ ಇನ್ನೊಂದು ಉತ್ತರ ಬರುತ್ತಿತ್ತು. ಗೋಕಾಕ, ಮೂಡಲಗಿ ಕಡೆಯ ಕನ್ನಡಿಗರ ಮಾತಿಗೆ ಬೆಳಗಾವಿಯ ಭವಿಷ್ಯದಲ್ಲಿ ಬೆಲೆ ಇದೆಯೇ ಇಲ್ಲವೇ ಎಂಬುದು ಆ ಒಂದು ಆಯ್ಕೆಯ ಮೇಲೆ ನಿಂತಿತ್ತು. ಜಿಲ್ಲೆಯ ಆಡಳಿತ, ಮಾರುಕಟ್ಟೆ, ಕಾಲೇಜು, ಆಸ್ಪತ್ರೆಗಳಿಗೆ ದಿನವೂ ಬೆಳಗಾವಿಗೆ ಹೋಗುವ ಈ ಜನರನ್ನು ಬಿಟ್ಟು ಆ ನಗರದ ತೀರ್ಮಾನ ಮಾಡುವುದು ನ್ಯಾಯವಾಗುತ್ತಿರಲಿಲ್ಲ. ಹಾಗೆಯೇ, ನಗರದ ಮರಾಠಿಗರ ಮಾತನ್ನು ಬರೀ ಸದ್ದೆಂದು ತಳ್ಳಿದ್ದೂ ನ್ಯಾಯವಲ್ಲ.

ಬೀದಿ ಮತ್ತು ಮತಪೆಟ್ಟಿಗೆ

1969ರಲ್ಲಿ ಗಡಿ ಪ್ರಶ್ನೆಯನ್ನು ಶಿವಸೇನೆ ಮುಂಬಯಿಯ ಬೀದಿಗೆ ತಂದಾಗ ಗಲಭೆಯಲ್ಲಿ ಹಲವರು ಸತ್ತರು. 1986ರಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರ ಶಾಲೆಗಳಲ್ಲಿ ಕನ್ನಡವನ್ನು ಕಡ್ಡಾಯ ಮಾಡಿದಾಗ, ಜೂನ್ ಮೊದಲಲ್ಲಿ ಎಂಇಎಸ್ ನಡೆಸಿದ ಚಳವಳಿಯ ಮೇಲೆ ಗೋಲಿಬಾರ್ ಆಯಿತು. ಸತ್ತವರ ಸ್ಮಾರಕ ಬೆಳಗಾವಿ ಪಕ್ಕದ ಹಿಂಡಲಗಾದಲ್ಲಿದೆ. 2005ರಲ್ಲಿ ಬೆಳಗಾವಿ ಮಹಾನಗರ ಪಾಲಿಕೆ ಮಹಾರಾಷ್ಟ್ರ ಸೇರುವ ಠರಾವು ಪಾಸು ಮಾಡಿತು. ಬೆಂಗಳೂರಿಗೆ ಬಂದ ಮೇಯರ್ ಮುಖಕ್ಕೆ ಕನ್ನಡ ಕಾರ್ಯಕರ್ತರು ಮಸಿ ಬಳಿದರು. ಸರ್ಕಾರ ಪಾಲಿಕೆಯನ್ನೇ ವಿಸರ್ಜಿಸಿತು. ಚುನಾಯಿತ ಸಂಸ್ಥೆಯೊಂದರ ತಪ್ಪು ಠರಾವಿಗೆ ಮಸಿ ಉತ್ತರವಲ್ಲ. ಅದರಿಂದ ಕನ್ನಡದ ಪಕ್ಷಕ್ಕೆ ಬಲ ಬರಲಿಲ್ಲ.

ಕನ್ನಡದ ನೆಲೆ ಗಟ್ಟಿಯಾದದ್ದು ಬೇರೆ ದಾರಿಯಿಂದ. ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು ಬೆಳಗಾವಿಯಲ್ಲಿ ಹಳ್ಳಿಯ ಮಕ್ಕಳಿಗೆ ಅನ್ನ, ವಿದ್ಯೆ ಕೊಟ್ಟು ಕನ್ನಡದ ಒಂದು ತಲೆಮಾರನ್ನೇ ಬೆಳೆಸಿದರು. ಗೋಕಾಕ ತಾಲೂಕು ಬೆಟಗೇರಿ ಕೃಷ್ಣಶರ್ಮರನ್ನೂ ಬಸವರಾಜ ಕಟ್ಟೀಮನಿಯವರನ್ನೂ ಕೊಟ್ಟಿತು. 1980ರಲ್ಲಿ ಬೆಳಗಾವಿಯಲ್ಲೇ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಕಟ್ಟೀಮನಿ ಅಧ್ಯಕ್ಷರಾದರು. 2006ರಲ್ಲಿ ವಿಧಾನಮಂಡಲದ ಅಧಿವೇಶನ ಮೊದಲ ಬಾರಿಗೆ ಬೆಳಗಾವಿಗೆ ಬಂತು. 2011ರಲ್ಲಿ ವಿಶ್ವ ಕನ್ನಡ ಸಮ್ಮೇಳನ ನಡೆಯಿತು. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಸುವರ್ಣ ವಿಧಾನಸೌಧವನ್ನು ಉದ್ಘಾಟಿಸಿದರು. 2014ರ ರಾಜ್ಯೋತ್ಸವದಂದು ಬೆಲ್ಗಾಮ್ ಅಧಿಕೃತವಾಗಿ ಬೆಳಗಾವಿಯಾಯಿತು.

ಒಂದು ಕಾಲಕ್ಕೆ ಬೆಳಗಾವಿ, ಖಾನಾಪುರ, ನಿಪ್ಪಾಣಿ ಸುತ್ತಲಿನ ಕ್ಷೇತ್ರಗಳಿಂದ ಮತ್ತೆ ಮತ್ತೆ ಗೆದ್ದುಬರುತ್ತಿದ್ದ ಎಂಇಎಸ್, 2013ರಲ್ಲಿ ಗೆದ್ದದ್ದು ಎರಡೇ ಸ್ಥಾನ. 2018 ಮತ್ತು 2023ರಲ್ಲಿ ಅದರ ಒಬ್ಬರೂ ವಿಧಾನಸಭೆಗೆ ಬರಲಿಲ್ಲ. 2021ರಲ್ಲಿ ಮಹಾನಗರ ಪಾಲಿಕೆಯೂ ಕೈತಪ್ಪಿತು. ಮರಾಠಿ ಮತದಾರರು ಎಲ್ಲಿಗೂ ಹೋಗಿಲ್ಲ. ಅವರು ರಾಷ್ಟ್ರೀಯ ಪಕ್ಷಗಳಿಗೆ ಮತ ಹಾಕುತ್ತಿದ್ದಾರೆ.

ಹೊಟ್ಟೆಯ ಪ್ರಶ್ನೆ ಎದ್ದಾಗ ಈ ಸೀಮೆಯ ಜನ ಭಾಷೆಯ ಗೆರೆ ದಾಟಿದ್ದುಂಟು. 1981ರಲ್ಲಿ ತಂಬಾಕಿನ ದರಕ್ಕಾಗಿ ರೈತ ನಾಯಕ ಶರದ್ ಜೋಶಿಯವರ ನೇತೃತ್ವದಲ್ಲಿ ನಿಪ್ಪಾಣಿಯ ಬೆಳೆಗಾರರು ಹೆದ್ದಾರಿ ತಡೆದು ಕೂತರು. ಕನ್ನಡದವರೂ ಮರಾಠಿಯವರೂ ಒಟ್ಟಿಗೆ ಇದ್ದರು. ಏಪ್ರಿಲ್‌ನಲ್ಲಿ ಪೊಲೀಸರ ಗುಂಡಿಗೆ ಸತ್ತ ರೈತರನ್ನು ಗಡಿ ವಿವಾದದ ಯಾವ ಪಟ್ಟಿಯೂ ತನ್ನವರೆಂದು ಹೇಳುವುದಿಲ್ಲ.

ನ್ಯಾಯಾಲಯ ಮತ್ತು 2022

2004ರಲ್ಲಿ ಮಹಾರಾಷ್ಟ್ರ ಸಂವಿಧಾನದ 131ನೇ ವಿಧಿಯಡಿ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿತು. ಗಡಿ ಸಂಸತ್ತಿಗೆ ಸೇರಿದ ವಿಷಯ, ದಾವೆಯೇ ನಿಲ್ಲದು ಎಂಬುದು ಕರ್ನಾಟಕದ ವಾದ.

2022ರ ಕೊನೆಯಲ್ಲಿ ವಿವಾದ ಮತ್ತೆ ಹೊತ್ತಿಕೊಂಡಿತು. ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಜತ್ತ ತಾಲೂಕಿನ ಹಳ್ಳಿಗಳ ಹಳೆಯ ಠರಾವುಗಳನ್ನು ನೆನಪಿಸಿದರು. ಬರದಿಂದ ಬೇಸತ್ತ ಆ ಹಳ್ಳಿಗಳು ನೀರು ಕೊಡಿ, ಇಲ್ಲವೇ ಕರ್ನಾಟಕಕ್ಕೆ ಬಿಡಿ ಎಂದಿದ್ದವು. ಮಹಾರಾಷ್ಟ್ರ ಸರ್ಕಾರ ತಕ್ಷಣ ಮ್ಹೈಸಾಳ ನೀರಾವರಿ ಯೋಜನೆಯ ವಿಸ್ತರಣೆಯ ಮಾತಾಡಿತು. ಬಿಟ್ಟುಹೋಗುವ ಬೆದರಿಕೆಯಿಂದ ಗಡಿ ಸರಿಯದಿದ್ದರೂ ನೀರಿನ ಕೆಲಸ ಸರಿಯಿತು. ಡಿಸೆಂಬರ್‌ನಲ್ಲಿ ಹಿರೇಬಾಗೇವಾಡಿಯಲ್ಲಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು, ಆಚೆ ಕರ್ನಾಟಕದ ಬಸ್ಸುಗಳಿಗೆ ಮಸಿ ಬಿತ್ತು. ಇಂಥ ದಿನಗಳಲ್ಲಿ ಬಸ್ ಓಡಾಟ ಗಡಿಯಲ್ಲೇ ತುಂಡಾಗುತ್ತದೆ; ಕೊಲ್ಹಾಪುರದ ದವಾಖಾನೆಗೆ ಹೊರಟವರು, ಅಲ್ಲಿ ಕೂಲಿಗೆ ಹೋಗುವವರು ನಡುದಾರಿಯಲ್ಲಿ ಇಳಿಯಬೇಕಾಗುತ್ತದೆ.

ಡಿಸೆಂಬರ್ 14ರಂದು ಕೇಂದ್ರ ಗೃಹ ಸಚಿವ ಅಮಿತ್ ಶಾ ಎರಡೂ ಮುಖ್ಯಮಂತ್ರಿಗಳನ್ನು ಕೂರಿಸಿ, ಮೂವರು ಮೂವರಂತೆ ಆರು ಸಚಿವರ ಸಮಿತಿ ಮಾಡಲು ಹೇಳಿದರು. ಒಂದಿಂಚು ನೆಲವನ್ನೂ ಬಿಡುವುದಿಲ್ಲವೆಂದು 22ರಂದು ಕರ್ನಾಟಕ ವಿಧಾನಸಭೆ ಒಮ್ಮತದ ನಿರ್ಣಯ ಮಾಡಿತು. 865 ಹಳ್ಳಿಗಳು ತನ್ನವೆಂದು 27ರಂದು ಮಹಾರಾಷ್ಟ್ರ ಶಾಸನಸಭೆಯೂ ಒಮ್ಮತದಿಂದಲೇ ನಿರ್ಣಯಿಸಿತು. ಎರಡೂ ಕಡೆ ಆಳುವ ಪಕ್ಷ, ವಿರೋಧ ಪಕ್ಷ ಒಂದಾಗಿದ್ದವು. ಭಿನ್ನಮತದ ಒಂದು ಧ್ವನಿಯೂ ದಾಖಲಾಗಲಿಲ್ಲ.

ಗೆರೆಯ ಆಚೆಈಚೆ ಉಳಿದವರಿಗೆ ಸಂವಿಧಾನ ಕೊಟ್ಟ ಆಸರೆ 350ಎ ವಿಧಿ, ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣ. ಬೆಳಗಾವಿ ಜಿಲ್ಲೆಯಲ್ಲಿ ಕರ್ನಾಟಕ ಸರ್ಕಾರದ ಮರಾಠಿ ಶಾಲೆಗಳಿವೆ. ಜತ್ತ, ಅಕ್ಕಲಕೋಟಗಳಲ್ಲಿ ಮಹಾರಾಷ್ಟ್ರದ ಕನ್ನಡ ಶಾಲೆಗಳಿವೆ. ಅವುಗಳ ಕನ್ನಡ ಪಠ್ಯಪುಸ್ತಕ ಪುಣೆಯ ಬಾಲಭಾರತಿಯಲ್ಲಿ ಅಚ್ಚಾಗುತ್ತದೆ. ಗಡಿ ಹೇಗೇ ಇರಲಿ, ಈ ಶಾಲೆಗಳಿಗೆ ಶಿಕ್ಷಕರನ್ನು ಕೊಡುವುದು ಎರಡೂ ಸರ್ಕಾರಗಳ ಕೈಯಲ್ಲೇ ಇರುವ ಕೆಲಸ. ಅದಕ್ಕೆ ಕೋರ್ಟಿನ ತೀರ್ಪೂ ಬೇಕಿಲ್ಲ, ಸಂಸತ್ತಿನ ಕಾಯ್ದೆಯೂ ಬೇಕಿಲ್ಲ. 2004ರ ದಾವೆ ಇನ್ನೂ ಇತ್ಯರ್ಥವಾಗಿಲ್ಲ.