ನಯೀ ತಾಲೀಮಿನ ವೇಳಾಪಟ್ಟಿಯಲ್ಲಿ ನೀತಿಪಾಠ: ಒಂದು ಟಿಪ್ಪಣಿ

ನಾಗಪುರದ ದಕ್ಷಿಣದಲ್ಲಿರುವ ಮನೀಶ್ ನಗರ ಅಪಾರ್ಟ್‌ಮೆಂಟುಗಳ ಬಡಾವಣೆ. ಪಕ್ಕದ ವರ್ಧಾ ರಸ್ತೆ ಹಿಡಿದು ಸುಮಾರು 70 ಕಿ.ಮೀ. ಹೋದರೆ ವರ್ಧೆಯ ಪಕ್ಕದ, ಗಾಂಧೀಜಿಯ ಆಶ್ರಮವಿರುವ ಸೇವಾಗ್ರಾಮ. ಮಹಾರಾಷ್ಟ್ರದ ಬೇರೆಡೆಯಂತೆ ಮನೀಶ್ ನಗರದಲ್ಲೂ ಶಾಲೆಯ ದಿನ 'ಪರಿಪಾಠ'ದಿಂದ ಶುರುವಾಗುತ್ತದೆ: ರಾಷ್ಟ್ರಗೀತೆ, ಪ್ರತಿಜ್ಞೆ, ಸಂವಿಧಾನದ ಪೀಠಿಕೆ, ಪ್ರಾರ್ಥನೆ, ಒಂದು ಸುಭಾಷಿತ. ಕರ್ನಾಟಕ ಸರ್ಕಾರವೂ 2023ರಲ್ಲಿ ಶಾಲಾ ಕಾಲೇಜುಗಳಲ್ಲಿ ಪೀಠಿಕೆಯ ಓದನ್ನು ಕಡ್ಡಾಯ ಮಾಡಿತು. ಇವೆಲ್ಲದರ ಹಿಂದಿರುವ ನಂಬಿಕೆ ಒಂದೇ, ನಡತೆಗೆ ದಿನದಲ್ಲಿ ಒಂದು ಹೊತ್ತನ್ನು ಗೊತ್ತುಮಾಡಬಹುದು ಎಂಬುದು. ಕೊಠಾರಿ ಆಯೋಗವೂ (1964–66) ವಾರಕ್ಕೆ ಒಂದೆರಡು ಪೀರಿಯಡ್‌ಗಳನ್ನು ನೈತಿಕ ಶಿಕ್ಷಣಕ್ಕೆ ಮೀಸಲಿಡಲು ಸೂಚಿಸಿತ್ತು.

ಇದೇ ರಸ್ತೆಯ ಇನ್ನೊಂದು ತುದಿಯಲ್ಲಿ ಹುಟ್ಟಿದ, ಕಸುಬಿನ ಮೂಲಕ ಕಲಿಸುವ ಗಾಂಧೀಜಿಯ ನಯೀ ತಾಲೀಮ್ (ಮೂಲಶಿಕ್ಷಣ) ಯೋಜನೆ ಈ ನಂಬಿಕೆಯನ್ನು ಒಪ್ಪಿರಲಿಲ್ಲ. 1937ರ ಅಕ್ಟೋಬರ್ 22 ಮತ್ತು 23ರಂದು ವರ್ಧೆಯಲ್ಲಿ ನಡೆದ ಶಿಕ್ಷಣ ಸಮ್ಮೇಳನ ಡಾ. ಝಾಕಿರ್ ಹುಸೇನರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಡಿಸೆಂಬರ್ ಹೊತ್ತಿಗೆ ವರದಿ ಗಾಂಧೀಜಿಯ ಕೈ ಸೇರಿತ್ತು. ಅದರಲ್ಲಿನ ದಿನದ ವೇಳಾಪಟ್ಟಿಯನ್ನು ಗಮನವಿಟ್ಟು ಓದಬೇಕು. ಒಟ್ಟು ಐದೂವರೆ ಗಂಟೆ. ಕಸುಬಿಗೆ 3 ಗಂಟೆ 20 ನಿಮಿಷ, ಸಂಗೀತ, ಚಿತ್ರ ಮತ್ತು ಲೆಕ್ಕಕ್ಕೆ 40 ನಿಮಿಷ, ಮಾತೃಭಾಷೆಗೆ 40, ಸಮಾಜ ಮತ್ತು ವಿಜ್ಞಾನಕ್ಕೆ 30, ವ್ಯಾಯಾಮಕ್ಕೆ 10, ಬಿಡುವು 10. ನೀತಿಗೂ ಧರ್ಮಕ್ಕೂ ಇಲ್ಲಿ ಬೇರೆ ಪೀರಿಯಡ್ ಇಲ್ಲ. ಶೀಲವೇ ಶಿಕ್ಷಣದ ತಿರುಳೆಂದು ಸಾರುತ್ತಿದ್ದವರ ಯೋಜನೆಯಲ್ಲಿ ಇದು ಮರೆವಿನಿಂದ ಆದದ್ದಿರಲಾರದು.

ಕಸುಬಿಗೆ ಕೊಟ್ಟ 200 ನಿಮಿಷಗಳಲ್ಲಿ ಏನಾಗಬೇಕಿತ್ತು? ನೂಲುವಿಕೆಯನ್ನೇ ನೋಡೋಣ. ಮಗು ತಕಲಿಗೆ (ಕೈಕದಿರಿಗೆ) ಹಂಜಿ ಹಿಡಿದು ನೂಲು ತೆಗೆಯುತ್ತದೆ. ನಾಲ್ಕು ಅಡಿಯ ಎಳೆ ಒಂದು 'ತಾರ್'. 160 ತಾರ್ ಸೇರಿದರೆ 'ಲಟಿ', ಅಂಥ ನಾಲ್ಕು ಸೇರಿದರೆ 'ಗುಂಡಿ'. ಅದನ್ನು ತೂಗಿದರೆ ನೂಲಿನ ನಂಬರು ಸಿಗುತ್ತದೆ. ಎಣಿಕೆಯಲ್ಲಿ ಕಳ್ಳತನ ಮಾಡಿದರೆ ತಕ್ಕಡಿ ಹೇಳಿಬಿಡುತ್ತದೆ. ಹಂಜಿ ಹಾಳು ಮಾಡಿದ್ದರೆ ಕೊಟ್ಟ ಹತ್ತಿಗೂ ಬಂದ ನೂಲಿಗೂ ತಾಳೆಯಾಗುವುದಿಲ್ಲ. ಪ್ರಾಮಾಣಿಕತೆಯ ಮೇಲೆ ಮೇಷ್ಟ್ರು ಭಾಷಣ ಮಾಡಬೇಕಾದ ಪ್ರಸಂಗವೇ ಬರುವುದಿಲ್ಲ.

ಎಲ್ಲ ವಯಸ್ಸಿಗೂ ಈ ಶಿಕ್ಷಣವನ್ನು ಹಬ್ಬಿಸುವ ಯೋಚನೆ 1945ರ ಜನವರಿಯಲ್ಲಿ ಸೇವಾಗ್ರಾಮದ ಸಮ್ಮೇಳನದಲ್ಲಿ ರೂಪು ಪಡೆಯಿತು. ಏಳರ ಒಳಗಿನವರಿಗೆ ಪೂರ್ವ ಮೂಲಶಿಕ್ಷಣ, ಹದಿನಾಲ್ಕರವರೆಗೆ ಮೂಲಶಿಕ್ಷಣ, ಆಮೇಲೆ ಉತ್ತರ ಮೂಲಶಿಕ್ಷಣ, ಜೊತೆಗೆ ವಯಸ್ಕರ ಶಿಕ್ಷಣ. ಈ ಶಿಕ್ಷಣದ ಹೊಣೆ ಹೊತ್ತಿದ್ದ ಹಿಂದೂಸ್ತಾನಿ ತಾಲೀಮಿ ಸಂಘವನ್ನು ನಡೆಸುತ್ತಿದ್ದ ಆರ್ಯನಾಯಕಂ ಮತ್ತು ಆಶಾದೇವಿ ಇಬ್ಬರೂ ಶಾಂತಿನಿಕೇತನದಿಂದ ಬಂದವರು. ಕಿರಿಯರಿಗೆ ಮೈ ಮತ್ತು ಬಟ್ಟೆಯ ಶುಚಿಯಿಂದ ಆರಂಭ. ಹಿರಿಯ ವಿದ್ಯಾರ್ಥಿಗಳು ತಮ್ಮ ಊಟ ಬಟ್ಟೆಯನ್ನು ದುಡಿದೇ ಪಡೆಯಬೇಕೆಂಬ ನಿರೀಕ್ಷೆ. ವಯಸ್ಸಿನ ಜೊತೆ ಬೆಳೆಯುತ್ತಿದ್ದುದು ಪಾಠದ ಗಾತ್ರಕ್ಕಿಂತ ಹೊಣೆಯ ಭಾರ.

ಯೋಜನೆಗೆ ಆಕ್ಷೇಪಗಳೂ ಇದ್ದವು. ಮಕ್ಕಳ ಸರಕು ಕುಶಲಕರ್ಮಿಗಳ ಹೊಟ್ಟೆಯ ಮೇಲೆ ಹೊಡೆಯುತ್ತದೆಂದು ಅರ್ಥಶಾಸ್ತ್ರಜ್ಞ ಕೆ.ಟಿ. ಶಾ ಎಚ್ಚರಿಸಿದ್ದರು. ನನಗೆ ಅದಕ್ಕಿಂತ ಗಂಭೀರವಾಗಿ ಕಾಣುವುದು ಜಾತಿಯ ಪ್ರಶ್ನೆ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳಿಂದ ಶೌಚದ ಗುಂಡಿಯನ್ನು ಶುಚಿ ಮಾಡಿಸಿದ ಸುದ್ದಿ ಹೊರಬಿತ್ತು. ಕೆಲಸವೇ ಶೀಲ ಕಲಿಸುತ್ತದೆ ಎಂದು ಸುಮ್ಮನೆ ಹೇಳಿದರೆ ಅಂಥ ಹೇಯ ಕೃತ್ಯಕ್ಕೂ ಸಮರ್ಥನೆ ಸಿಕ್ಕೀತು. ಸೇವಾಗ್ರಾಮದ ಸಫಾಯಿಯಲ್ಲಿ ಪೊರಕೆ ಹಿಡಿಯುವವರಲ್ಲಿ ಗುರುಗಳೂ ಇರುತ್ತಿದ್ದರು, ಯಾರೂ ಹುಟ್ಟಿನ ಕಾರಣಕ್ಕೆ ಬಿಡುವು ಪಡೆಯುವಂತಿರಲಿಲ್ಲ. ಈ ಎರಡು ಷರತ್ತುಗಳನ್ನು ತೆಗೆದರೆ ಉಳಿಯುವುದು ಬರೀ ಜೀತ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯ ನಡುವೆ ಹತ್ತು ದಿನ ಚೀಲವಿಲ್ಲದೆ ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಯಲು ಅವಕಾಶ ಕೊಟ್ಟಿದೆ. ದಿನಕ್ಕೆ 200 ನಿಮಿಷದ ಮುಂದೆ ಇದು ಪ್ರವಾಸವಷ್ಟೇ. ಜಮೀನಿಲ್ಲದ, ಗೇಟಿನ ಮುಂದೆ ವ್ಯಾನುಗಳು ಸಾಲುಗಟ್ಟುವ ಮನೀಶ್ ನಗರದಂಥ ಬಡಾವಣೆಯ ಶಾಲೆ ಚರಕವನ್ನು ತಂದು ಕೂರಿಸಬೇಕೆಂದು ಯಾರೂ ಕೇಳುವುದಿಲ್ಲ. ಆದರೆ ಊಟ ಮುಗಿದ ಮೇಲೆ ಬೆಂಚು ಒರೆಸುವುದು, ಕುಡಿಯುವ ನೀರಿನ ಲೆಕ್ಕ, ಗ್ರಂಥಾಲಯದ ರಿಜಿಸ್ಟರು ಎಲ್ಲ ಶಾಲೆಯಲ್ಲೂ ಇರುವ ಕೆಲಸಗಳೇ. ಈಗ ಅವುಗಳ ಬಹುಪಾಲು ಆಯಾಗಳ, ಜವಾನರ ತಲೆಯ ಮೇಲಿದೆ. ಅಂಥ ಶಾಲೆಗಳನ್ನು ಅಧ್ಯಯನ ಮಾಡುವವರು ಪರಿಪಾಠದ ಸುಭಾಷಿತಗಳನ್ನು ಬರೆದುಕೊಳ್ಳುವ ಮೊದಲು ಸರದಿಯ ಪಟ್ಟಿ ಇದೆಯೇ, ಇದ್ದರೆ ಅದರಲ್ಲಿ ಮೇಷ್ಟ್ರ ಹೆಸರಿದೆಯೇ ಎಂದು ನೋಡುವುದು ಒಳ್ಳೆಯದು.